ಬೀರುವಿನಲ್ಲಿ ಎತ್ತಿಟ್ಟ ಬ್ಯಾಟರಿ

ಹೊಳಲ್ಕೆರೆಯಲ್ಲಿ ಗೊಬ್ಬರ ಮತ್ತು ಔಷಧಿಯ ಅಂಗಡಿ ಇಟ್ಟಿದ್ದ ತಿಪ್ಪೇರುದ್ರಪ್ಪ ಕೆಟ್ಟ ಮನುಷ್ಯನೇನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ಒಂದು ಗುಟುಕು ಕಾಫಿಯೂ ಇಲ್ಲ. ಇಂಥ ಗಂಡನ ಮೇಲೆ ದೂರು ಹೇಳಿದರೆ ಕೇಳಿದವರು ನಗುತ್ತಾರೆಂದು ಹೆಂಡತಿ ದಾಕ್ಷಾಯಣಮ್ಮ ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡೇ ಇದ್ದಳು. ಆದರೆ ಒಳಗೆ ಕುದಿಯುತ್ತಿದ್ದಳು. ಮನೆಗೆ ಬಂದ ಯಾವ ಒಳ್ಳೆಯ ವಸ್ತುವನ್ನೂ ಆ ಮನುಷ್ಯ ಬಳಸಲು ಬಿಡುತ್ತಿರಲಿಲ್ಲ.

"ಎತ್ತಿಡೇ. ಬೇಕಾದಾಗ ಬೇಕಾಗ್ತೈತೆ" ಎನ್ನುವುದೇ ಅವನ ಮಂತ್ರ.

ಸೋಫಾ ಬಂದಾಗ ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕು ಹಾಗೇ ಉಳಿಯಿತು. ಬಂದ ನೆಂಟರು ಕೂತರೆ ಚರ್ರೆಂದು ಸದ್ದಾಗುತ್ತಿತ್ತು, ಬೇಸಿಗೆಯಲ್ಲಿ ಎದ್ದರೆ ಬೆವರಿಗೆ ಅಂಟಿಕೊಂಡು ಜೊತೆಗೇ ಎದ್ದು ಬರುತ್ತಿತ್ತು. ತೊಂಬತ್ತೆರಡರಲ್ಲಿ ಕೊಂಡ ಸ್ಕೂಟರಿನ ಸೀಟಿಗೂ ಅದೇ ಗತಿ. ಹಿಂದೆ ಕೂತ ದಾಕ್ಷಾಯಣಮ್ಮ ಪ್ರತಿ ಉಬ್ಬಿಗೂ ಜಾರಿ ಗಂಡನ ಬೆನ್ನಿಗೆ ಮೂಗು ಗುದ್ದಿಕೊಳ್ಳುತ್ತಿದ್ದಳು. ಇನ್ನು ಟಾರ್ಚಿನ ಕಥೆಯಂತೂ ಕೇಳಲೇಬಾರದು. ಸೆಲ್ಲು ಒಳಗೇ ಇದ್ದರೆ ಸುಮ್ಮನೆ ಇಳಿದುಹೋಗುತ್ತದೆಂದು ತಿಪ್ಪೇರುದ್ರಪ್ಪ ಉಪಯೋಗಿಸಿದ ತಕ್ಷಣ ಸೆಲ್ಲುಗಳನ್ನು ತೆಗೆದು ಅಟ್ಟದ ಮೇಲಿನ ಡಬ್ಬಿಗೆ ಹಾಕುತ್ತಿದ್ದ, ಟಾರ್ಚನ್ನು ಮೊಳೆಗೆ ನೇತುಹಾಕುತ್ತಿದ್ದ. ಕರೆಂಟು ಹೋದಾಗ ಸೆಲ್ಲು ಹುಡುಕಲು ಬೆಳಕು ಬೇಕು, ಬೆಳಕಿಗೆ ಸೆಲ್ಲು ಬೇಕು. ಒಮ್ಮೆ ಅಡುಗೆಮನೆಗೆ ಚೇಳು ಬಂದಾಗ ಇದೇ ಆಯಿತು. ಇವನು ಅಟ್ಟ ಹತ್ತಿ, ಡಬ್ಬಿ ಬೀಳಿಸಿ, ಸೆಲ್ಲು ತಡಕಾಡಿ, ತಲೆಕೆಳಗಾಗಿ ಹಾಕಿ, ಮತ್ತೆ ತೆಗೆದು ಸರಿಯಾಗಿ ಹಾಕುವಷ್ಟರಲ್ಲಿ ಚೇಳು ತನ್ನ ಪಾಡಿಗೆ ತಾನು ಹೋಗಿತ್ತು. ಯಾರನ್ನೂ ಕಡಿಯಲಿಲ್ಲ, ಅದು ಚೇಳಿನ ದೊಡ್ಡ ಗುಣ.

ಇಂಥ ಮನೆಗೆ ಎರಡು ಸಾವಿರದ ನಾಲ್ಕರಲ್ಲಿ ಒಂದು ಲ್ಯಾಪ್‌ಟಾಪ್ ಬಂತು.

ಕೊಂಡದ್ದಲ್ಲ. ಕೊಂಡಿದ್ದರೆ ಅದು ತಿಪ್ಪೇರುದ್ರಪ್ಪನೇ ಅಲ್ಲ. ಔಷಧಿ ಕಂಪನಿಯವರು ದಾವಣಗೆರೆಯ ಹೋಟೆಲಿನಲ್ಲಿ ಡೀಲರುಗಳ ಸಭೆ ಮಾಡಿ, ಹೆಚ್ಚು ಮಾಲು ಮಾರಿದವನೆಂದು ಇವನಿಗೆ ಹಾರ ಹಾಕಿ ಬಹುಮಾನ ಕೊಟ್ಟಿದ್ದರು. ತಂದವನೇ ಅದಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆದ. ವಿಭೂತಿ ಪುಡಿ ಉದುರಿ ಕೀಲಿಗಳ ಸಂದಿಗೆ ಇಳಿಯಿತು. ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದ ಮಗಳು ತೇಜಸ್ವಿನಿ ಕಾಲೇಜಿನಲ್ಲಿ ಕಂಪ್ಯೂಟರು ಕಲಿತಿದ್ದಳು. ಅವಳು ಅದನ್ನು ಉಫ್ ಉಫ್ ಎಂದು ಊದಿ ತೆಗೆದಳು.

ಮೊದಲ ದಿನದಿಂದಲೇ ಕಾನೂನು ಶುರುವಾಯಿತು. ಮೊಬೈಲ್ ಅಂಗಡಿಯವನೊಬ್ಬ ಬ್ಯಾಟರಿ ಪೂರ್ತಿ ಇಳಿಯುವ ತನಕ ಚಾರ್ಜಿಗೆ ಹಾಕಬಾರದೆಂದು ಹೇಳಿದ್ದನಂತೆ. ಅಷ್ಟು ಸಾಕಾಯಿತು.

"ಹಸಿದು ಉಂಡೋನಿಗೇ ಆಯಸ್ಸು. ಹೊಟ್ಟೆ ತುಂಬಿದ್ದೋನಿಗೆ ಮತ್ತೆ ಬಡಿಸಿದ್ರೆ ಅಜೀರ್ಣ ಆಗಲ್ವಾ?" ಎಂದು ಮಗಳಿಗೆ ಹೇಳಿದ.

"ಅಪ್ಪಾಜಿ, ಅದು ಹಂಗಲ್ಲ. ಈ ಬ್ಯಾಟರಿಗೆ ಪೂರ್ತಿ ಇಳಿಯೋದೇ ಕೆಟ್ಟದ್ದು. ಅರ್ಧ ಇದ್ದಾಗ್ಲೇ ಹಾಕಿದ್ರೂ ಏನೂ ಆಗಲ್ಲ."

"ನೀನು ಹುಟ್ಟೋಕೆ ಮುಂಚೆಯಿಂದ ನಾನು ಬ್ಯಾಟರಿ ನೋಡಿದೀನಿ, ಸುಮ್ನಿರು."

ಒಂದು ಭಾನುವಾರ ಅವಳು ಕಾಲೇಜಿನ ಪ್ರಾಜೆಕ್ಟು ಟೈಪು ಮಾಡುತ್ತಿದ್ದಳು. ಬ್ಯಾಟರಿ ಇಳಿಯಿತೆಂದು ಯಂತ್ರ ಕುಯ್ ಕುಯ್ ಎಂದಿತು. ಚಾರ್ಜರಿನ ವೈರು ಅಪ್ಪನ ಕೈಯಲ್ಲಿತ್ತು. "ಇನ್ನೂ ಸ್ವಲ್ಪ ಐತೆ, ಇನ್ನೂ ಸ್ವಲ್ಪ ಐತೆ" ಎನ್ನುತ್ತ ಅವನು ಅದನ್ನು ಕೊಡಲೇ ಇಲ್ಲ. ಕುಯ್ ಎನ್ನುವುದು ನಿಂತಿತು, ಪರದೆ ಕಪ್ಪಾಯಿತು, ಬೆಳಿಗ್ಗೆಯಿಂದ ಟೈಪು ಮಾಡಿದ್ದು ಗಂಗೆಪಾಲಾಯಿತು. ತೇಜಸ್ವಿನಿ ಅಳುತ್ತ ಅಡುಗೆಮನೆಗೆ ಬಂದಳು. ದಾಕ್ಷಾಯಣಮ್ಮ ರೊಟ್ಟಿಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ ಗಂಡನಿಗೆ ಆಗಿದ್ದು ಆಗಲಿ ಎಂದು ಬೈದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ಈಗ ಹಾಕು ಚಾರ್ಜಿಗೆ. ಈಗ ಸರಿಯಾಗಿ ಹಸಿದೈತೆ" ಎಂದು ಅವನು ವೈರು ಕೊಟ್ಟ.

ಆಮೇಲೆ ಅವನಿಗೆ ಇನ್ನೊಂದು ಸತ್ಯ ಹೊಳೆಯಿತು. ಬ್ಯಾಟರಿ ಕಳಚಿಟ್ಟು ಬರೀ ವೈರಿನಲ್ಲೂ ಲ್ಯಾಪ್‌ಟಾಪ್ ನಡೆಯುತ್ತದೆ! ಅಂದಮೇಲೆ ಬ್ಯಾಟರಿಯನ್ನು ಸುಮ್ಮಸುಮ್ಮನೆ ಸವೆಸುವುದು ಏಕೆ? ಆ ದಿನ ಅವನ ಮುಖ ನೋಡಬೇಕಿತ್ತು, ಹೊಲದಲ್ಲಿ ಹೊನ್ನು ಸಿಕ್ಕಂತಿತ್ತು.

ಎತ್ತಿಡುವುದರಲ್ಲೂ ಅವನದೊಂದು ಕ್ರಮವಿತ್ತು. ಅಂಗಡಿಯಲ್ಲಿ ಔಷಧಿ ಹೊಡೆಯುವ ಸ್ಪ್ರೇಯರು ಕೊಂಡ ಪ್ರತಿಯೊಬ್ಬ ರೈತನಿಗೂ ಅವನು ಪಾಠ ಹೇಳುತ್ತಿದ್ದ. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಒಂದು ಹನಿಯೂ ಉಳಿಸಬೇಡಿ, ಪೂರ್ತಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿ ಇಡಿ, ಉಳಿದ ಔಷಧಿಯೇ ಒಳಗಿನ ವಾಷರು ತಿನ್ನುತ್ತದೆ ಎಂದು. ಅದು ಸರಿಯಾದ ಮಾತೇ. ಆದರೆ ಸ್ಪ್ರೇಯರಿನ ಮಾತನ್ನು ತಂದು ಬ್ಯಾಟರಿಗೆ ಹಚ್ಚಿದರೆ ಹೇಗೆ? ಅವನು ಹಚ್ಚಿದ. ಒಂದು ಮಧ್ಯಾಹ್ನ ಅಂಗಡಿಗೂ ಹೋಗದೆ ಲ್ಯಾಪ್‌ಟಾಪಿನ ಮುಂದೆ ಕೂತು, ಪರದೆಯ ಮೇಲೆ ಮೀನುಗಳು ಅತ್ತಿತ್ತ ಈಜುವುದನ್ನು ನೋಡುತ್ತ, ಕೊನೆಯ ಹನಿ ಇಳಿದು ಅದು ಆರುವ ತನಕ ಕಾದ. ಆರಿದ ಮೇಲೂ ಗುಂಡಿ ಒತ್ತಿ ಒತ್ತಿ, ಉಸಿರಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಬ್ಯಾಟರಿಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟ.

"ಅಲ್ರೀ, ನನ್ನ ಮೊಳಕಾಲ್ಮೂರು ಸೀರೆ ಮೇಲೆ ಯಾಕ್ರಿ ಇಟ್ರಿ ಅದನ್ನ?" ದಾಕ್ಷಾಯಣಮ್ಮ ಓಡಿಬಂದಳು. ಅವಳ ತಾಯಿ ಹಾಲಮ್ಮ ಕೊಡಿಸಿದ ರೇಷ್ಮೆ ಸೀರೆ ಅದು. ಕೆಂಪು ಒಡಲು, ಹಸಿರು ಅಂಚು, ಅಂಗಡಿಯ ಕಾಗದ ಇನ್ನೂ ಬಿಚ್ಚಿರಲಿಲ್ಲ.

"ಮೆತ್ತಗಿರ್ಲಿ ಅಂತ ಇಟ್ಟೆ. ಎರಡೂ ಬೆಲೆಬಾಳೋ ವಸ್ತು ಅಲ್ವೇನೇ?"

ಅವಳು ಬ್ಯಾಟರಿಯನ್ನು ತೆಗೆದು ಕೆಳಗಿನ ಅರೆಗೆ ತಳ್ಳಿದಳು. ಸೀರೆಯ ಕಾಗದವನ್ನು ಸೆರಗಿನಿಂದ ಒರೆಸಿ ಮತ್ತೆ ಮೇಲಿಟ್ಟಳು.

ಅಲ್ಲಿಂದ ಮುಂದೆ ಲ್ಯಾಪ್‌ಟಾಪ್ ಗೋಡೆಗೆ ಕಟ್ಟಿದ ಎಮ್ಮೆಯಾಯಿತು. ಹೊಳಲ್ಕೆರೆಯಲ್ಲಿ ಆಗ ಕರೆಂಟು ಬಂದಷ್ಟೇ ಸಲ ಹೋಗುತ್ತಿತ್ತು. ಅದು ಹೋದಾಗೆಲ್ಲ ಇದೂ ಕಣ್ಣು ಮುಚ್ಚುತ್ತಿತ್ತು. "ಕರೆಂಟ್ ಹೋದ್ರೂ ನಡೀಲಿ ಅಂತಾನೇ ಅಲ್ವಾ ಅಪ್ಪಾಜಿ, ಇದಕ್ಕೆ ಬ್ಯಾಟರಿ ಕೊಟ್ಟಿರೋದು?" ಎಂದು ತೇಜಸ್ವಿನಿ ಕೇಳಿ ಕೇಳಿ ಸೋತು, ಕೇಳುವುದನ್ನೇ ಬಿಟ್ಟಳು. ಡಿಗ್ರಿ ಮುಗಿಯಿತು. ಬ್ಯಾಟರಿ ಬೀರುವಿನಲ್ಲೇ ಇತ್ತು. ಚಿತ್ರದುರ್ಗದ ಒಳ್ಳೆಯ ಮನೆತನದ ಗಂಡು ಗೊತ್ತಾಯಿತು. ಬ್ಯಾಟರಿ ಬೀರುವಿನಲ್ಲೇ ಇತ್ತು.

ಮದುವೆ ಎರಡು ಸಾವಿರದ ಆರರ ಕಾರ್ತಿಕದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಭೀಮಸಮುದ್ರದಲ್ಲಿ ಹಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಚಿಕ್ಕಂದಿನಲ್ಲಿ ತೇಜಸ್ವಿನಿಯನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಜ್ವರ ಬಂದರೆ ರಾತ್ರಿಯೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡವಳು ಮೊಮ್ಮಗಳ ಮದುವೆಗೆ ಬರಲಾಗಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಿ ಅವಳು ಮಗಳಿಗೆ ಹೇಳಿದ್ದು ಒಂದೇ ಮಾತು.

"ವಿಡಿಯೋ ತೆಗೆಸ್ರಿ. ಅಕ್ಷತೆ ಬೀಳೋ ಹೊತ್ತಲ್ಲಿ ಕೂಸಿನ ಮುಖ ನೋಡ್ಬೇಕು ನಾನು. ಅದನ್ನ ನೋಡಿ ಹೋಗ್ತೀನಿ."

ಮದುವೆಯಾಯಿತು. ವಿಡಿಯೋದವನು ಇವತ್ತು ಕೊಡ್ತೀನಿ, ಸೋಮವಾರ ಕೊಡ್ತೀನಿ, ಮಿಕ್ಸಿಂಗ್ ಆಗ್ತೈತೆ ಎಂದು ಸತಾಯಿಸಿ ಸತಾಯಿಸಿ ಕೊನೆಗೊಂದು ದಿನ ಸಿ.ಡಿ. ಕೊಟ್ಟ. ಅಷ್ಟರಲ್ಲಿ ಹಾಲಮ್ಮನನ್ನು ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ದಾಕ್ಷಾಯಣಮ್ಮ ಊರಿಗೆ ಹೊರಡುವ ಹೊತ್ತಿಗೆ ಅಣ್ಣ ಏಕಾಂತಪ್ಪನ ಫೋನು ಬಂತು.

"ಸಿ.ಡಿ. ಈಗ್ಲೇ ತಂದು ಏನ್ಮಾಡ್ತೀಯಮ್ಮಾ? ನಮ್ಮ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗೈತೆ. ಲೈನ್‌ಮನ್ನು ಮುಂದಿನ ವಾರ ಅಂತಾನೆ. ಅವ್ವನಿಗೆ ಮುಂದಿನ ವಾರ ಐತೋ ಇಲ್ವೋ. ದಿನಾ ಬಂತಾ ಬಂತಾ ಅಂತ ಕೇಳ್ತಾಳೆ."

ದಾಕ್ಷಾಯಣಮ್ಮ ಫೋನಿಟ್ಟು ಅಳುತ್ತ ಕೂತಳು. ತಿಪ್ಪೇರುದ್ರಪ್ಪ ಮಾತ್ರ ಎದ್ದು ನಿಂತ. ಅತ್ತೆಯ ಮೇಲೆ ಅವನಿಗೆ ಪ್ರೀತಿಯಿತ್ತು, ಇಲ್ಲವೆನ್ನಲಾಗದು. ಆದರೂ ಆ ಕ್ಷಣ ಅವನ ಮುಖದಲ್ಲಿ ಬೆಳಗಿದ್ದು ಪ್ರೀತಿಯೊಂದೇ ಅಲ್ಲ.

"ನೋಡ್ದಾ? ನೋಡ್ದಾ? ಬೇಕಾದಾಗ ಬೇಕಾಗ್ತೈತೆ ಅಂದಿದ್ನೋ ಇಲ್ವೋ? ಆಪತ್ತಿಗಾದವನೇ ನೆಂಟ. ತೆಗಿ ಬೀರು!"

ಬಟ್ಟೆ ಬಿಚ್ಚಿ, ಬ್ಯಾಟರಿ ಸಿಕ್ಕಿಸಿ, ಚಾರ್ಜಿಗೆ ಹಾಕಿದ. ಕೆಂಪು ದೀಪ ಹತ್ತಿತು. ಬೆಳಿಗ್ಗೆ ನೋಡಿದರೆ ಹಸಿರಾಗಿತ್ತು. ಮದುವೆಯ ಸಂಭ್ರಮ ಮತ್ತೆ ಬಂದವನಂತೆ ತಿಪ್ಪೇರುದ್ರಪ್ಪ ಬಿಳಿ ಅಂಗಿ ಹಾಕಿಕೊಂಡ.

"ಒಂದ್ಸಲ ವೈರು ತೆಗೆದು ಹಚ್ಚಿ ನೋಡ್ರಿ. ಅಲ್ಲಿ ಹೋಗಿ ಕೈಕೊಟ್ಟೀತು" ಎಂದಳು ದಾಕ್ಷಾಯಣಮ್ಮ.

"ಏನೇ ನೀನು? ಕಡ್ಡಿ ಹೊತ್ತುತ್ತೋ ಇಲ್ವೋ ಅಂತ ಗೀರಿ ನೋಡ್ತಾರಾ ಯಾರಾದ್ರೂ? ನೋಡಿದ್ಮೇಲೆ ಕಡ್ಡಿ ಎಲ್ಲಿರ್ತೈತೆ? ತುಂಬಿರೋದನ್ನ ಇಲ್ಲೇ ಚೆಲ್ಲಿ ಹೋಗಾಣ ಅಂತೀಯಾ?"

"ವೈರಾದ್ರೂ ಇಟ್ಕಳ್ರಿ."

"ಕರೆಂಟೇ ಇಲ್ದಿರೋ ಊರಿಗೆ ವೈರು! ನಗ್ತಾರೆ ಜನ."

ಅವಳು ಹಣೆ ಚಚ್ಚಿಕೊಂಡಳು. ಇಪ್ಪತ್ತು ಚಿಲ್ಲರೆ ವರ್ಷ ಈ ಮನುಷ್ಯನ ಜೊತೆ ಬಾಳಿ ಕಲಿತದ್ದು ಒಂದೇ, ವಾದಿಸಿ ಪ್ರಯೋಜನವಿಲ್ಲ. ಅವನು ಸ್ಕೂಟರು ಒರೆಸುತ್ತಿದ್ದಾಗ ಚಾರ್ಜರನ್ನು ಸುತ್ತಿ ತನ್ನ ಬ್ಯಾಗಿನ ತಳಕ್ಕೆ ತುರುಕಿಕೊಂಡಳು.

ಭೀಮಸಮುದ್ರದ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಸೀಟಿನ ಮೇಲೆ ಜಾರುತ್ತ, ಲ್ಯಾಪ್‌ಟಾಪನ್ನು ಮಗುವಿನಂತೆ ಅವಚಿಕೊಂಡು ಕೂತಳು. ಮನೆಯ ನಡುಕೋಣೆಯ ಮಂಚದಲ್ಲಿ ಹಾಲಮ್ಮ ಮಲಗಿದ್ದಳು. ಹಿಡಿಯಷ್ಟಾಗಿದ್ದಳು. ಆದರೆ ಕಣ್ಣು ಹಾಗೇ ಇದ್ದವು, ಮಾತೂ ಹಾಗೇ ಇತ್ತು.

"ತಂದ್ಯಾ?"

"ತಂದೀನಿ ಕಣವ್ವಾ. ಇಲ್ಲೇ ನೋಡ್ತೀಯಂತೆ."

ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಏಕಾಂತಪ್ಪ ತಾಯಿಯ ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟ. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನಿಂತರು. ತಿಪ್ಪೇರುದ್ರಪ್ಪ ಮೊದಲು ಭಾಷಣ ಮಾಡಿದ, ಬ್ಯಾಟರಿಯನ್ನು ತಾನು ಹೇಗೆ ಕಾಪಾಡಿದೆ, ಮುಂದಾಲೋಚನೆ ಎಂದರೇನು ಎಂದು. ಆಮೇಲೆ ಗುಂಡಿ ಒತ್ತಿದ. ಪರದೆ ಬೆಳಗಿತು. ಕಂಪನಿಯ ಹೆಸರು ಬಂತು, ಹೋಯಿತು. ನೀಲಿ ಆಕಾಶ, ಹಸಿರು ಗುಡ್ಡದ ಚಿತ್ರ ಬಂತು.

"ಇದ್ಯಾವೂರ ಗುಡ್ಡ?" ಎಂದಳು ಹಾಲಮ್ಮ.

ಅವನು ಸಿ.ಡಿ. ಒಳಗಿಟ್ಟ. ಅದು ಗಿರ್ರೆಂದು ತಿರುಗಿದ್ದೇ ತಡ, ಗುಡ್ಡವೂ ಹೋಯಿತು, ಆಕಾಶವೂ ಹೋಯಿತು. ಮತ್ತೆ ಒತ್ತಿದ. ಮತ್ತೆ ಒತ್ತಿದ. ಬ್ಯಾಟರಿ ತೆಗೆದು, ಅಂಗಿಗೆ ಉಜ್ಜಿ, ಹಾಕಿ ಒತ್ತಿದ. ಟಾರ್ಚಿನ ಸೆಲ್ಲಾಗಿದ್ದರೆ ಬಿಸಿಲಿಗಾದರೂ ಇಡಬಹುದಿತ್ತು.

"ತುಂಬಿತ್ತಲ್ಲೇ... ಹಸಿರು ದೀಪ ಇತ್ತಲ್ಲೇ..." ಅವನ ದನಿ ಎಲ್ಲೋ ಒಳಗಿಂದ ಬಂತು.

ಇಪ್ಪತ್ತು ವರ್ಷ ಹೊರಗಿನವರ ಮುಂದೆ ಮುಚ್ಚಿಯೇ ಇದ್ದ ದಾಕ್ಷಾಯಣಮ್ಮನ ಬಾಯಿ ಆಗ ತೆರೆಯಿತು. ಅಣ್ಣ ಇದ್ದಾನೆ, ಊರ ಹೆಂಗಸರಿದ್ದಾರೆ ಎನ್ನುವುದನ್ನೂ ಅವಳು ನೋಡಲಿಲ್ಲ.

"ಸತ್ತೋಗೈತೆ ಅದು! ಉಪವಾಸ ಕೆಡವಿ ಕೊಂದ್ರಿ ನೀವು. ಕೂಸು ಬಡ್ಕೊಂಡ್ತು, ಪೂರ್ತಿ ಇಳಿಸಬ್ಯಾಡ ಅಪ್ಪಾಜಿ ಅಂತ. ಕೇಳಿದ್ರಾ? ಸ್ಪ್ರೇಯರ್ ಅಂತೆ, ಬೋರಲು ಹಾಕೋದಂತೆ! ಒಂದು ವಸ್ತು ನೆಟ್ಟಗೆ ಬಳಸ್ಲಿಲ್ಲ, ಬಳಸಾಕೆ ಬಿಡ್ಲಿಲ್ಲ. ಸೋಫಾದ ಮೇಲೆ ಕುಂತ್ಕಳಂಗಿಲ್ಲ, ಟಾರ್ಚ್ ಹಚ್ಚಂಗಿಲ್ಲ. ಬೇಕಾದಾಗ, ಬೇಕಾದಾಗ! ಇವತ್ತಿಗಿಂತ ಬೇಕಾದಾಗ ಇನ್ಯಾವಾಗ್ರಿ? ನಮ್ಮವ್ವ ಕೇಳಿದ್ದು ಒಂದೇ ಒಂದು..."

ತಿಪ್ಪೇರುದ್ರಪ್ಪ ಸತ್ತ ಬ್ಯಾಟರಿಯನ್ನು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದ. ಅವಳು ಬ್ಯಾಗಿನಿಂದ ಚಾರ್ಜರು ತೆಗೆದು ಸ್ಟೂಲಿನ ಮೇಲೆ ಎಸೆದಳು. "ಇದು ಐತೆ. ಕರೆಂಟಿಲ್ಲ."

ಏಕಾಂತಪ್ಪ ಅದನ್ನು ಕೈಗೆತ್ತಿಕೊಂಡು ನೋಡಿದ. "ಕೆರೆ ಏರಿ ಹತ್ರ ಕಾಟಲಿಂಗಪ್ಪನ ಕಣದಲ್ಲಿ ಜನರೇಟರ್ ಓಡ್ತೈತೆ. ಅಡಿಕೆ ಸುಲಿಯೋ ಮಿಷನ್ನಿಗೆ. ಕೊಯ್ದ ಕಾಯಿ ರಾಶಿ ಬಿದ್ದಾವೆ, ಮಿಷನ್ ನಿಲ್ಲಿಸಿ ಜನರೇಟರ್ ಇಲ್ಲಿಗೆ ತರಾಕೆ ಆಗಲ್ಲ. ಆದ್ರೆ ಅವ್ವನ್ನ..." ಎಂದು ತಾಯಿಯ ಕಡೆ ನೋಡಿದ. ಸೊಂಟ ಮುರಿದವಳು, ಅಲುಗಾಡಿಸಿದರೆ ಜೀವ ಹಿಂಡುವಂಥ ನೋವು.

"ಹೊತ್ಕಂಡು ಹೋಗ್ರಿ" ಎಂದಳು ಹಾಲಮ್ಮ. "ಹೆಂಗೂ ಒಂದಿನ ಹೊರೋದೇ ಐತಲ್ಲ. ಇವತ್ತು ಹೊತ್ರೆ ನಾನೂ ಏನಾದ್ರೂ ನೋಡ್ತೀನಿ."

ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹರವಿ, ಅದರ ಮೇಲೆ ಹಾಸಿಗೆ ಹಾಕಿ, ಮಂಚದ ಜಮಖಾನದಲ್ಲೇ ಎತ್ತಿ ಮಲಗಿಸಿದರು. ತಲೆಯ ಕಡೆ ಹಿಡಿದವನು ತಿಪ್ಪೇರುದ್ರಪ್ಪ. ದಾರಿಯಲ್ಲಿ ಪ್ರತಿ ಕುಣಿಗೂ ಹಾಲಮ್ಮ ಹಲ್ಲು ಕಚ್ಚುತ್ತಿದ್ದಳು. ಪ್ರತಿ ಕುಣಿಗೂ ದಾಕ್ಷಾಯಣಮ್ಮ ಗಂಡನನ್ನು ಸುಡುವಂತೆ ನೋಡುತ್ತಿದ್ದಳು.

ಕಣದಲ್ಲಿ ಜನರೇಟರಿನ ಗುಡುಗುಡು, ಸುಲಿಯುವ ಮಿಷನ್ನಿನ ಕಟಕಟ, ಹಸಿ ಅಡಿಕೆ ಸಿಪ್ಪೆಯ ಒಗರು ವಾಸನೆ. ಕಾಟಲಿಂಗಪ್ಪ ತಾನೇ ಓಡಿಬಂದು ವೈರು ಎಳೆದುಕೊಟ್ಟ. ಚಾರ್ಜರು ಸಿಕ್ಕಿಸಿದ್ದೇ ಲ್ಯಾಪ್‌ಟಾಪ್ ಎದ್ದಿತು, ಮತ್ತೆ ಅದೇ ಗುಡ್ಡ ಬಂತು, ಅದರ ಹಿಂದೆ ಮದುವೆ ಬಂತು. ಹಾಡು ಒಂದಕ್ಷರ ಕೇಳಲಿಲ್ಲ. ವಿಡಿಯೋದವನು ಮಿಕ್ಸಿಂಗ್ ಎಂದು ಇಷ್ಟು ದಿನ ಮಾಡಿದ್ದೇನೆಂದು ಈಗ ಗೊತ್ತಾಯಿತು. ತೇಜಸ್ವಿನಿಯ ಮುಖ ಗುಲಾಬಿ ಹೂವಿನೊಳಗಿಂದ ಅರಳಿ ಬರುತ್ತಿತ್ತು, ಮದುಮಗ ಹೃದಯದ ಆಕಾರದಲ್ಲಿ ತಿರುಗಿ ತಿರುಗಿ ಬಂದು ನಿಲ್ಲುತ್ತಿದ್ದ. ಕೆಲಸದ ಹೆಂಗಸರು ಸಿಪ್ಪೆ ಮೆತ್ತಿದ ಕೈಯಲ್ಲೇ ಸುತ್ತ ನಿಂತು ನೋಡಿದರು.

ಅಕ್ಷತೆ ಬಿದ್ದ ಹೊತ್ತಲ್ಲಿ ತೇಜಸ್ವಿನಿ ತಲೆ ತಗ್ಗಿಸಿ, ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಂಡಿದ್ದಳು. ಹಾಲಮ್ಮ ಕೈ ಎತ್ತಲು ಹೋದಳು, ಆಗಲಿಲ್ಲ. ದಾಕ್ಷಾಯಣಮ್ಮ ಆ ಕೈಯನ್ನು ಎತ್ತಿ ಪರದೆಗೆ ಮುಟ್ಟಿಸಿದಳು. "ಚಿಕ್ಕೋಳಿದ್ದಾಗ್ಲೂ ಹಿಂಗೇ ತುಟಿ ಕಚ್ತಿತ್ತು" ಎಂದು ಮುದುಕಿ ಕಣ್ಣೀರು ಸುರಿಸಿದಳು. ಬೇಕಾದದ್ದು ಸಿಕ್ಕಿತ್ತು.

ಆಮೇಲೆ ಪರದೆಯ ಮೇಲೆ ಮದುಮಗಳ ಪಕ್ಕದಲ್ಲಿ ದಾಕ್ಷಾಯಣಮ್ಮ ಬಂದಳು. ಹಾಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ನೀನಲ್ವೇನೇ? ನಾನು ಕೊಡಿಸಿದ ಸೀರೆ ಎಲ್ಲೇ? ಕೂಸಿನ ಮದುವೇಲಿ ಉಟ್ಕೋ ಅಂತಾನೇ ಕೊಟ್ಟಿದ್ನಲ್ಲೇ."

ಸೀರೆಯನ್ನು ದಾಕ್ಷಾಯಣಮ್ಮ ಮದುವೆ ಮಂಟಪಕ್ಕೆ ಒಯ್ದಿದ್ದು ನಿಜ. ಮುಹೂರ್ತದಲ್ಲಿ ಉಡೋಣವೆಂದುಕೊಂಡಳು. ಅರಿಶಿನ, ಎಣ್ಣೆ, ಮಕ್ಕಳ ಕೈ ಎಂದು ಬೇಡವೆನಿಸಿತು. ಆರತಕ್ಷತೆಗೆ ಉಡೋಣ ಎಂದುಕೊಂಡಳು. ಅಲ್ಲಿ ಐಸ್‌ಕ್ರೀಮು ಹಿಡಿದ ಮಕ್ಕಳು ಓಡಾಡುತ್ತಿದ್ದವು. ಇನ್ನೂ ಒಳ್ಳೆಯ ಸಂದರ್ಭ ಬಂದೀತು, ಇರಲಿ ಎಂದು ಕಾಗದವನ್ನೂ ಬಿಚ್ಚದೆ ವಾಪಸು ತಂದು ಅದೇ ಬೀರುವಿನಲ್ಲಿಟ್ಟಿದ್ದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದಾಗ ಈಗಷ್ಟೇ ಊರ ಮುಂದೆ ಗಂಡನ ಎಲೆಯ ನೊಣ ತೋರಿಸಿದ್ದಳು.

"ಅವ್ವಾ, ಅದು..." ಎಂದು ತೊದಲಿದಳು.

"ನಾನೇ ಬ್ಯಾಡ ಅಂದೆ ಅತ್ತೆ" ಎಂದ ತಿಪ್ಪೇರುದ್ರಪ್ಪ. ಮಿಷನ್ನಿನ ಸದ್ದಿಗೆ ಗಟ್ಟಿಯಾಗಿ ಕೂಗಿಯೇ ಹೇಳಿದ, ಎಲ್ಲರಿಗೂ ಕೇಳಿಸಿತು. "ಅವಳು ಉಡ್ತೀನಿ ಅಂತಾನೇ ನಿಂತಿದ್ಲು. ಹಾಳಾಗ್ತೈತೆ, ಎತ್ತಿಡು ಅಂದೋನು ನಾನು. ನನ್ನ ಬುದ್ಧಿ ನಿಮಗೆ ಗೊತ್ತಲ್ಲ."

"ಅಯ್ಯೋ, ಅಳಿಯಂದ್ರೇ, ಯಾವಾಗ್ಲೂ ನಿಮ್ದು ಇದೇ ಆಯ್ತು" ಎಂದು ಹಾಲಮ್ಮ ಮುಖ ತಿರುಗಿಸಿದಳು. ಕೆಲಸದ ಹೆಂಗಸರು ಮುಸಿಮುಸಿ ನಕ್ಕರು. ಅವನು ಹೌದು ಹೌದೆಂದು ತಲೆಯಾಡಿಸಿದ.

ದಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷಕ್ಕೆ ಒಂದು ದಿನ ನಾಲ್ಕು ಜನರ ಮುಂದೆ ಬಾಯಿ ತುಂಬ ಬೈದಿದ್ದಳು, ನ್ಯಾಯವೆಲ್ಲ ತನ್ನ ಕಡೆಗಿತ್ತು. ಅದನ್ನೂ ಈ ಮನುಷ್ಯ ನೆಮ್ಮದಿಯಾಗಿ ಅನುಭವಿಸಲು ಬಿಡಲಿಲ್ಲ. ವಾಪಸು ಬರುವಾಗ ಅವಳು ಸ್ಕೂಟರಿನ ಹಿಂದಿನ ಕಂಬಿ ಹಿಡಿದು, ಗಂಡನ ಬೆನ್ನಿಗೆ ತಗಲದಂತೆ ಕೂತಳು.

ಮರುದಿನ ಬೆಳಿಗ್ಗೆ ಮತ್ತೆ ಅವ್ವನ ಹತ್ತಿರ ಹೊರಡುವ ಮುಂಚೆ ಅವಳು ಬೀರು ತೆಗೆದು ಅಂಗಡಿಯ ಕಾಗದ ಹರಿದಳು. ಕೆಂಪು ಸೀರೆ ಉಟ್ಟು ಹೊರಗೆ ಬಂದಾಗ ತಿಪ್ಪೇರುದ್ರಪ್ಪ ಸ್ಕೂಟರಿನ ಹತ್ತಿರ ನಿಂತಿದ್ದ. ಅವಳನ್ನು ನೋಡಿ, "ಸ್ಕೂಟರ್ ಮೇಲೆ ರೇಷ್ಮೇನ? ಮಸಿಗಿಸಿ ತಗಲಿ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ರೇಷ್ಮೆ ಇನ್ನೂ ಜಾರುತ್ತದೆಂದು ಅವನಿಗೇ ಹೊಳೆದಿರಬೇಕು. ಬಗ್ಗಿ, ಉಗುರಿನಲ್ಲಿ ಒಂದು ಮೂಲೆ ಎಬ್ಬಿಸಿ, ಪರ್ರೆಂದು ಎಳೆದು ಕಿತ್ತುಹಾಕಿದ. ಹದಿನಾಲ್ಕು ವರ್ಷ ಕಾಪಾಡಿದ ರೆಕ್ಸಿನ್ನು ಒಳಗೇ ಬೂಷ್ಟು ಹಿಡಿದು ಹಪ್ಪಳದಂತೆ ಬಿರಿದಿತ್ತು. ಇಬ್ಬರೂ ಅದನ್ನು ನೋಡಿದರು. ಅವನು ತನ್ನ ಟವೆಲ್ಲು ಮಡಿಸಿ ಅದರ ಮೇಲೆ ಹಾಸಿದ.

ಹಾಲಮ್ಮನಿಗೆ ಆ ದಿನ ಮಾತು ಕಡಿಮೆಯಾಗಿತ್ತು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿ, "ಬಣ್ಣ ಒಪ್ತೈತೆ" ಎಂದಳು. ಅತ್ತಿಗೆ ರಾಗಿ ಗಂಜಿ ತಂದುಕೊಟ್ಟಳು. ದಾಕ್ಷಾಯಣಮ್ಮ ಮಂಚದ ಮೇಲೆ ಕೂತು ಚಮಚದಲ್ಲಿ ಕುಡಿಸಿದಳು. ಎರಡನೆಯ ಗುಟುಕು ಮುದುಕಿಯ ಬಾಯಂಚಿನಿಂದ ಗಲ್ಲಕ್ಕೆ, ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಒರೆಸುವ ಬಟ್ಟೆ ಕಿಟಕಿಯ ಹತ್ತಿರವೇ ಇತ್ತು. ದಾಕ್ಷಾಯಣಮ್ಮ ಅದಕ್ಕೆ ಕೈಚಾಚಲಿಲ್ಲ. ದಿನದ ಸೀರೆಯಲ್ಲಿ ಒರೆಸುವ ಹಾಗೆಯೇ ಮೊಳಕಾಲ್ಮೂರು ಸೀರೆಯ ಸೆರಗು ತೆಗೆದು ತಾಯಿಯ ಗಲ್ಲ ಒರೆಸಿದಳು, ಕುತ್ತಿಗೆ ಒರೆಸಿದಳು, ಬಾಯಿ ಒರೆಸಿದಳು.

ಬಾಗಿಲಲ್ಲಿ ನಿಂತಿದ್ದ ತಿಪ್ಪೇರುದ್ರಪ್ಪ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಹೇಳದೆ ಒಳಗೆ ಬಂದು, ಅತ್ತೆಯ ತಲೆಯ ಕೆಳಗಿನ ದಿಂಬು ಸರಿಮಾಡಿದ.